'ಟೇಕ್' ಯಾವ ಪದದ ಜೊತೆ ಹೊಂದುತ್ತದೆ, ಯಾವುದರ ಜೊತೆ ಇಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಕಾಫಿ 'ತಗೋತೀವಿ', ಸೈಟು 'ತಗೋತೀವಿ', ರಜೆ 'ತಗೋತೀವಿ', ಮಾರ್ಕ್ಸ್ 'ತಗೋತೀವಿ', ಮೇಷ್ಟ್ರು ಕ್ಲಾಸ್ 'ತಗೋತಾರೆ'. ಇಂಗ್ಲಿಷಿನ 'ಟೇಕ್' ಕೂಡ ಹೀಗೇ ಹತ್ತಾರು ಕಡೆ ದುಡಿಯುವ ಪದ. ಎರಡೂ ಕೆಲವು ಕಡೆ ಸರಿಯಾಗಿ ಕೂಡುತ್ತವೆ, ಕೆಲವು ಕಡೆ ಒಂದು ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತಾಡುವ, ಮೇಲ್ ಬರೆಯುವ, ಮಕ್ಕಳಿಗೆ ಹೇಳಿಕೊಡುವ ಎಲ್ಲರಿಗೂ ಉಪಯೋಗಕ್ಕೆ ಬರಲಿ ಎಂದು ಈ ಉತ್ತರಗಳು.

'ಟೇಕ್' ಅಂದರೆ 'ತೆಗೆದುಕೊ' ಅಂತ ಗೊತ್ತು. ಜೊತೆಗೆ ಬರುವ ಪದಗಳನ್ನು ಬೇರೆಯಾಗಿ ಯಾಕೆ ಕಲಿಯಬೇಕು?

ಯಾಕೆಂದರೆ 'ಟೇಕ್ ಎ ಬ್ರೇಕ್', 'ಟೇಕ್ ಎ ಲುಕ್', 'ಟೇಕ್ ಪಾರ್ಟ್' ಇಂಥ ಕಡೆ 'ಟೇಕ್' ತನ್ನ ಅರ್ಥವನ್ನು ಹೆಚ್ಚುಕಮ್ಮಿ ಬಿಟ್ಟುಕೊಟ್ಟಿರುತ್ತದೆ. ಅರ್ಥವೆಲ್ಲ ಮುಂದಿನ ನಾಮಪದದಲ್ಲಿ. ಕ್ರಿಯಾಪದ ಯಾವುದಿರಬೇಕು ಎಂದು ತೀರ್ಮಾನಿಸುವುದೂ ಆ ನಾಮಪದವೇ.

ಕನ್ನಡದಲ್ಲೂ ಇದು ಹೀಗೇ. ಹಟ 'ಹಿಡೀತಾನೆ', ಸುಳ್ಳು 'ಹೇಳ್ತಾನೆ', ಬಾಜಿ 'ಕಟ್ತಾನೆ', ಪರೀಕ್ಷೆ 'ಬರೀತಾನೆ', ಜಗಳ 'ತೆಗೀತಾನೆ'. ಹಟವನ್ನು ಯಾಕೆ ಹಿಡಿಯಬೇಕು ಎಂದು ನಾವು ಯಾರೂ ಕೇಳುವುದಿಲ್ಲ. ಹೊಸದಾಗಿ ಕನ್ನಡ ಕಲಿತವರು 'ಅವನು ಹಟ ಮಾಡಿಕೊಂಡ, ಬಾಜಿ ಹಾಕಿದ' ಅಂದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ನಮ್ಮ 'ಟೇಕ್ ಅಪಾಯಿಂಟ್‌ಮೆಂಟ್' ಇಂಗ್ಲಿಷ್ ಕಿವಿಗೆ ಬೀಳುವುದೂ ಹಾಗೇ.

ಪದಗಳ ಈ ಒಡನಾಟಕ್ಕೆ ಭಾಷಾಶಾಸ್ತ್ರದಲ್ಲಿ ಕೊಲೊಕೇಶನ್ ಎನ್ನುತ್ತಾರೆ. 1950ರ ದಶಕದಲ್ಲಿ ಇದರ ಕಡೆ ವಿದ್ವಾಂಸರ ಗಮನ ಎಳೆದವರಲ್ಲಿ ಮುಖ್ಯರು ಬ್ರಿಟಿಷ್ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್. ಅವರು ಅದಕ್ಕೂ ಮುಂಚೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು.

ಹಾಗಾದರೆ 'ತಗೋ' ಬರುವ ಕಡೆಯೆಲ್ಲ 'ಟೇಕ್' ಹಾಕುವ ಹಾಗಿಲ್ಲವಾ?

ಇಲ್ಲ. ಅತಿ ಹೆಚ್ಚು ತೊಂದರೆ ಆಗುವುದೇ ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕೊಳ್ಳುವ ವಿಷಯ. 'ಹೊಸ ಕಾರ್ ತಗೊಂಡ್ವಿ' ಎಂಬುದನ್ನು 'ವಿ ಟುಕ್ ಎ ನ್ಯೂ ಕಾರ್' ಎಂದರೆ ಕೇಳುವವರಿಗೆ ನೀವು ಕೊಂಡಿದ್ದು ತಿಳಿಯುವುದಿಲ್ಲ. ಎಲ್ಲಿಗೋ ಹೋಗಲು ಆ ಕಾರನ್ನು ಬಳಸಿದಿರಿ, ಇಲ್ಲವೇ ಯಾರದೋ ಕಾರನ್ನು ಒಯ್ದಿರಿ ಎನಿಸುತ್ತದೆ. 'ಬಾಟ್' ಎನ್ನಬೇಕು. 'ವಿ ಟುಕ್ ಎ ಹೌಸ್' ಎಂದರೆ ಬಾಡಿಗೆಗೆ ಹಿಡಿದಿರಿ ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು. ಟಿಕೆಟ್ಟಿಗೂ 'ಬೈ' ಅಥವಾ 'ಗೆಟ್'. ಆದರೆ ಅಂಗಡಿಯಲ್ಲಿ ನಿಂತು, ಇದ್ದ ನಾಲ್ಕರಲ್ಲಿ ಒಂದನ್ನು ತೋರಿಸಿ 'ಐ ವಿಲ್ ಟೇಕ್ ದಿಸ್ ಒನ್' ಎನ್ನುವುದು ಸಹಜ ಇಂಗ್ಲಿಷ್. ಅಲ್ಲಿ ಅರ್ಥ 'ಇದನ್ನೇ ಆರಿಸಿಕೊಂಡೆ' ಎಂದು.

ಸಿಗುವ, ಗಳಿಸುವ ವಸ್ತುಗಳಿಗೆ 'ಟೇಕ್' ಹೊಂದುವುದಿಲ್ಲ. 'ಎಷ್ಟು ಮಾರ್ಕ್ಸ್ ತಗೊಂಡೆ?' ಎಂಬುದಕ್ಕೆ 'ಗೆಟ್' ಅಥವಾ 'ಸ್ಕೋರ್'. ಸಂಬಳಕ್ಕೆ 'ಗೆಟ್' ಇಲ್ಲವೇ 'ಅರ್ನ್'. ಇಂಜಿನಿಯರಿಂಗ್ ಸೀಟಿಗೆ 'ಗೆಟ್'. 'ಟೇಕ್ ಎ ಸೀಟ್' ಎಂದರೆ 'ಕುಳಿತುಕೊಳ್ಳಿ'. 'ಟೇಕ್ ಅಡ್ಮಿಷನ್' ಎಂಬುದು ಭಾರತ, ನೆರೆಯ ದೇಶಗಳ ಹೊರಗೆ ನಡೆಯದ ಮಾತು. ಕಾಲೇಜಿಗಾದರೆ 'ಎನ್ರೋಲ್' ಅಥವಾ 'ಗೆಟ್ ಇನ್ ಟು', ಆಸ್ಪತ್ರೆಗಾದರೆ 'ವಾಸ್ ಅಡ್ಮಿಟೆಡ್ ಟು'.

ಇನ್ನೊಬ್ಬರಿಂದ ಕೇಳಿ ಪಡೆಯುವಂಥವೂ ಹೀಗೇ. ಅಪಾಯಿಂಟ್‌ಮೆಂಟಿಗೆ 'ಮೇಕ್', 'ಬುಕ್' ಅಥವಾ 'ಗೆಟ್'. ಪರ್ಮಿಷನ್ನಿಗೆ ಮೊದಲು 'ಆಸ್ಕ್ ಫಾರ್', ಸಿಕ್ಕ ಮೇಲೆ 'ಗೆಟ್'. ಸಹಾಯಕ್ಕೂ 'ಗೆಟ್ ಹೆಲ್ಪ್'. 'ನಾನು ಅವರ ಹತ್ತಿರ ಮಾತು ತಗೊಂಡಿದ್ದೀನಿ' ಎಂಬುದು 'ಟುಕ್ ಎ ಪ್ರಾಮಿಸ್' ಆಗುವುದಿಲ್ಲ, 'ಐ ಮೇಡ್ ದೆಮ್ ಪ್ರಾಮಿಸ್' ಆಗುತ್ತದೆ. 'ಅವನ ಹೆಸರು ತಗೋಬೇಡ' ಎಂಬಲ್ಲಿ 'ಡೋಂಟ್ ಮೆನ್ಷನ್ ಹಿಮ್'. ಸಿಟ್ಟಿನಿಂದ ಹೇಳಿದ ಆ ಮಾತನ್ನು 'ಡೋಂಟ್ ಟೇಕ್ ಹಿಸ್ ನೇಮ್' ಎಂದರೆ ಅವನ ಹೆಸರನ್ನು ನೀನು ಇಟ್ಟುಕೊಳ್ಳಬೇಡ ಎಂದಂತೆ ಕೇಳಿಸುತ್ತದೆ. ಮದುವೆಯಾದವಳು ಗಂಡನ ಮನೆತನದ ಹೆಸರು ಇಟ್ಟುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ 'ಟೇಕ್ ಹರ್ ಹಸ್ಬೆಂಡ್ಸ್ ನೇಮ್' ಎಂದೇ ಹೇಳುವುದು.

ಇನ್ನು ನಿಶ್ಚಿಂತೆಯಿಂದ 'ತಗೋ'ಗೆ 'ಟೇಕ್' ಹಾಕಬಹುದಾದ ಜಾಗಗಳೂ ಸಾಕಷ್ಟಿವೆ. ರಿಸ್ಕ್, ಜವಾಬ್ದಾರಿ, ಕ್ರಮ, ಹೆಜ್ಜೆ, ಲಂಚ, ಉಸಿರು, ಸಮಯ, ಮಾತ್ರೆ, ಬಸ್ಸು, ಎಡ ತಿರುವು. ಇವೆಲ್ಲ ಎರಡು ಭಾಷೆಯಲ್ಲೂ ಒಂದೇ ದಾರಿ.

'ಕಾಫಿ ತಗೋತೀರಾ?' ಎಂದು ಕೇಳುವುದು ಹೇಗೆ?

'ವುಡ್ ಯು ಲೈಕ್ ಸಮ್ ಕಾಫಿ?' ಅಥವಾ 'ವಿಲ್ ಯು ಹ್ಯಾವ್ ಕಾಫಿ?'. ಊಟ, ತಿಂಡಿಗೂ 'ಹ್ಯಾವ್'. 'ಟೇಕ್ ಯುವರ್ ಫುಡ್' ಎಂದರೆ ತಟ್ಟೆ ಎತ್ತಿಕೊಂಡು ಹೋಗು ಎಂದಂತೆ. ಒಂದು ಕಡೆ ಮಾತ್ರ 'ಟೇಕ್' ಬರುತ್ತದೆ: 'ಡು ಯು ಟೇಕ್ ಶುಗರ್?' ಇದು ಈ ಲೋಟದ ಬಗ್ಗೆ ಮಾತ್ರ ಕೇಳುವ ಪ್ರಶ್ನೆಯಲ್ಲ, ನಿಮಗೆ ಸಕ್ಕರೆ ಹಾಕಿಕೊಳ್ಳುವ ರೂಢಿ ಇದೆಯಾ ಎಂಬ ಪ್ರಶ್ನೆ.

ಸ್ನಾನ 'ಮಾಡ್ತೀವಿ'. 'ಡೂ ಬಾತ್' ಯಾಕೆ ಆಗುವುದಿಲ್ಲ?

'ಬಾತ್' ಆರಿಸಿಕೊಂಡಿರುವ ಕ್ರಿಯಾಪದ 'ಟೇಕ್' ಅಥವಾ 'ಹ್ಯಾವ್'. ಅಮೆರಿಕದವರು ಹೆಚ್ಚಾಗಿ 'ಟೇಕ್ ಎ ಬಾತ್', 'ಟೇಕ್ ಎ ಶವರ್', 'ಟೇಕ್ ಎ ನ್ಯಾಪ್' ಎನ್ನುತ್ತಾರೆ. ಬ್ರಿಟನ್ನಿನವರು ಇದೇ ಜಾಗದಲ್ಲಿ 'ಹ್ಯಾವ್' ಬಳಸುವುದು ಹೆಚ್ಚು. ಎರಡೂ ಸರಿ. ಆದರೆ 'ಎ' ಬಿಡಬಾರದು. ನಮ್ಮ ಕಡೆಯ 'ಟೇಕ್ ಬಾತ್' ಕೇಳಿದ ಕೂಡಲೇ ಎದ್ದು ಕಾಣುವುದು ಆ ಒಂದಕ್ಷರದ ಕೊರತೆಯಿಂದ.

ಇನ್ನೊಂದು ಸೂಕ್ಷ್ಮ: ಅಲ್ಲಿ 'ಬಾತ್' ಎಂದರೆ ತೊಟ್ಟಿಯಲ್ಲಿ ಕುಳಿತು ಮಾಡುವ ಸ್ನಾನ, ನಿಂತು ಮಾಡುವುದು 'ಶವರ್'. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚಿನ ಸ್ನಾನಕ್ಕೆ 'ಶವರ್' ಎನ್ನುವುದೇ ಸಹಜ. 'ತಲೆಸ್ನಾನ'ಕ್ಕೆ ನಾವು ಕಟ್ಟಿಕೊಂಡ 'ಹೆಡ್ ಬಾತ್' ದಕ್ಷಿಣ ಭಾರತದ ಆಚೆ ಅರ್ಥವಾಗುವುದಿಲ್ಲ. 'ಐ ವಾಷ್ಡ್ ಮೈ ಹೇರ್' ಎನ್ನಿ. ಅಮೆರಿಕದ ವ್ಯವಹಾರದ ಸುದ್ದಿಯಲ್ಲಿ ಯಾರೋ 'ಟುಕ್ ಎ ಬಾತ್' ಎಂದು ಕಂಡರೆ ಅವರು ದೊಡ್ಡ ನಷ್ಟ ಮಾಡಿಕೊಂಡರು ಎಂದರ್ಥ.

ಎಕ್ಸಾಂ 'ರೈಟ್' ಮಾಡಬೇಕಾ, 'ಗಿವ್' ಮಾಡಬೇಕಾ, 'ಟೇಕ್' ಮಾಡಬೇಕಾ?

ವಿದ್ಯಾರ್ಥಿಗೆ 'ಟೇಕ್ ಆ್ಯನ್ ಎಕ್ಸಾಂ'. ಇದು ಎಲ್ಲ ದೇಶದಲ್ಲೂ ನಡೆಯುತ್ತದೆ. ಬ್ರಿಟನ್ನಿನಲ್ಲಿ 'ಸಿಟ್ ಆ್ಯನ್ ಎಕ್ಸಾಂ' ಎಂದೂ ಹೇಳುತ್ತಾರೆ. ನಾವು 'ಪರೀಕ್ಷೆ ಬರೆ' ಎನ್ನುವುದರಿಂದ 'ರೈಟ್' ಬಾಯಿಗೆ ಬರುತ್ತದೆ. ಅದನ್ನು ತೀರಾ ತಪ್ಪು ಎನ್ನುವ ಹಾಗಿಲ್ಲ, ಕೆನಡಾದವರೂ ಹಾಗೇ ಹೇಳುತ್ತಾರೆ. ನಿಜಕ್ಕೂ ಗೊಂದಲ ಆಗುವುದು 'ಗಿವ್' ಬಳಸಿದಾಗ. ಅದು ಹಿಂದಿಯಿಂದ ಬಂದ ರೂಢಿ. ಅಮೆರಿಕದಲ್ಲಿ 'ಗಿವ್ ಆ್ಯನ್ ಎಕ್ಸಾಂ' ಎಂದರೆ ಪರೀಕ್ಷೆ ನಡೆಸುವ ಮೇಷ್ಟ್ರ ಕೆಲಸ.

ಕ್ಲಾಸಿನ ವಿಷಯದಲ್ಲೂ ಹುಷಾರಾಗಿರಬೇಕು. ಇಲ್ಲಿ ಮತ್ತು ಬ್ರಿಟನ್ನಿನಲ್ಲಿ ಶಿಕ್ಷಕರು 'ಟೇಕ್ ಎ ಕ್ಲಾಸ್' ಎಂದರೆ ಪಾಠ ಮಾಡುತ್ತಾರೆ. ಅಮೆರಿಕದಲ್ಲಿ ಅದೇ ಮಾತು ಆ ಕೋರ್ಸಿಗೆ ಸೇರಿ ಕಲಿಯುವುದು. ಉಪನ್ಯಾಸಕರೊಬ್ಬರು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ 'ಐ ಟುಕ್ ಕ್ಲಾಸಸ್ ಇನ್ ಆರ್ಗ್ಯಾನಿಕ್ ಕೆಮಿಸ್ಟ್ರಿ' ಎಂದು ಬರೆದರೆ ಪಾಠ ಹೇಳಿದ ಅನುಭವವೆಲ್ಲ ಪಾಠ ಕೇಳಿದ ಅನುಭವವಾಗಿ ಬಿಡುತ್ತದೆ. 'ಟಾಟ್' ಎಂದೇ ಬರೆಯಬೇಕು.

ಇಂಟರ್‌ವ್ಯೂ ಕೂಡ ಇದೇ ಥರ. 'ಹೆಚ್.ಆರ್.ನವರು ಇಂಟರ್‌ವ್ಯೂ ತಗೊಂಡ್ರು' ಎಂಬುದಕ್ಕೆ 'ಇಂಟರ್‌ವ್ಯೂಡ್ ಮಿ' ಸಾಕು. ಅಭ್ಯರ್ಥಿಯ ಕಡೆಯಿಂದ 'ಐ ಹ್ಯಾವ್ ಆ್ಯನ್ ಇಂಟರ್‌ವ್ಯೂ ಟುಮಾರೊ'.

'ಟೇಕ್ ಎ ಡಿಸಿಷನ್' ತಪ್ಪಾ? 'ಮೇಕ್' ಅಂತ ತಿದ್ದುತ್ತಾರೆ.

ತಪ್ಪಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲಿ 'ಟೇಕ್ ಎ ಡಿಸಿಷನ್' ಇದೆ, ಅದರಲ್ಲೂ ಸರ್ಕಾರ, ಆಡಳಿತ ಮಂಡಳಿ ಇಂಥವರ ಔಪಚಾರಿಕ ತೀರ್ಮಾನಗಳ ಬಗ್ಗೆ ಬರೆಯುವಾಗ. ಅಮೆರಿಕದಲ್ಲಿ 'ಮೇಕ್' ಒಂದೇ ನಡೆಯುವುದು. ಎರಡೂ ಕಡೆ ಒಪ್ಪುವಂಥದ್ದು ಬೇಕಾದರೆ 'ಮೇಕ್' ಬಳಸಿ. ಹಳೆಯ ತಲೆಮಾರಿನ ಅಧಿಕಾರಿಗಳ ಕರಡಿನಲ್ಲಿ 'ಟೇಕ್' ಕಂಡರೆ ಅದನ್ನು ಕೆಂಪು ಶಾಯಿಯಲ್ಲಿ ಹೊಡೆಯಬೇಕಾಗಿಲ್ಲ.

ಇದರ ಜೊತೆಗೇ ಎರಡರ ಗಡಿ ನೆನಪಿಟ್ಟುಕೊಳ್ಳಿ: ತಪ್ಪು, ಆಯ್ಕೆ, ಪ್ರಯತ್ನ, ಯೋಜನೆ, ಫೋನ್ ಕರೆ, ಇವೆಲ್ಲ 'ಮೇಕ್' ಮನೆಯವು. ರಿಸ್ಕ್, ಚಾನ್ಸ್, ಸ್ಟೆಪ್ಸ್, ಆ್ಯಕ್ಷನ್, ಮೆಷರ್ಸ್, ರೆಸ್ಪಾನ್ಸಿಬಿಲಿಟಿ 'ಟೇಕ್' ಮನೆಯವು. 'ಡೂ ಎ ಮಿಸ್ಟೇಕ್' ನಮ್ಮ 'ತಪ್ಪು ಮಾಡು'ವಿನ ನೇರ ನೆರಳು.

ಪ್ರಮಾಣವಚನಕ್ಕೆ?

ಸ್ವೀಕರಿಸುವವರು 'ಟೇಕ್ ದಿ ಓತ್', ಬೋಧಿಸುವವರು 'ಅಡ್ಮಿನಿಸ್ಟರ್ ದಿ ಓತ್'. 'ಬೋಧಿಸಿದರು' ಎಂದು ಪತ್ರಿಕೆಯಲ್ಲಿದೆ ಎಂದು 'ಟಾಟ್ ದಿ ಓತ್' ಎಂದು ಅನುವಾದಿಸಬೇಡಿ. 'ವಾಸ್ ಸ್ವೋರ್ನ್ ಇನ್' ಎಂದೂ ಬರೆಯಬಹುದು.

ರಜೆ ಹಾಕಿದೆ, ರೆಸ್ಟ್ ತಗೊಂಡೆ. ಇಂಗ್ಲಿಷಿನಲ್ಲಿ?

'ಐ ಪುಟ್ ಲೀವ್' ಎಂಬುದು ಅಚ್ಚ ಕನ್ನಡ, ಅಕ್ಷರ ಮಾತ್ರ ಇಂಗ್ಲಿಷ್. ಅರ್ಜಿ ಕೊಡುವುದು 'ಅಪ್ಲೈ ಫಾರ್ ಲೀವ್', ರಜೆಯಲ್ಲಿ ಇರುವುದು 'ಆನ್ ಲೀವ್', ರಜೆ ತೆಗೆದುಕೊಳ್ಳುವುದು 'ಟೇಕ್ ಲೀವ್'. ಅಮೆರಿಕದ ಸಹೋದ್ಯೋಗಿಗಳ ಜೊತೆ 'ಟೇಕ್ ಎ ಡೇ ಆಫ್' ಅಥವಾ 'ಟೇಕ್ ಟೈಮ್ ಆಫ್' ಇನ್ನೂ ಸಲೀಸು. ಈ 'ಆಫ್' ಎರಡು 'f' ಇರುವ off. 'ಟೇಕ್ ಲೀವ್' ಮುಂದೆ ಒಂದೇ 'f' ಇರುವ 'ಆಫ್' (of) ಸೇರಿಸಿ 'ಟೇಕ್ ಲೀವ್ ಆಫ್ ಸಮ್‌ಒನ್' ಎಂದು ಮಾಡಿದರೆ, ಅವರಿಂದ ಬೀಳ್ಕೊಂಡಿರಿ ಎಂಬ ಅರ್ಥ ಬರುತ್ತದೆ.

ವಿಶ್ರಾಂತಿಗೆ 'ಗೆಟ್ ಸಮ್ ರೆಸ್ಟ್' ಅಥವಾ 'ಟೇಕ್ ಎ ರೆಸ್ಟ್'. ನಿದ್ದೆಗೆ 'ಗೆಟ್ ಸಮ್ ಸ್ಲೀಪ್'. 'ಟೆನ್ಷನ್ ತಗೋಬೇಡ' ಎಂಬುದಕ್ಕೆ 'ಡೋಂಟ್ ವರಿ' ಬಿಟ್ಟು ಬೇರೆ ಕಸರತ್ತು ಬೇಡ.

ಔಷಧಿಯ ವಿಷಯದಲ್ಲಿ ಏನೇನು ಗಮನಿಸಬೇಕು?

ಇಲ್ಲಿ ಭಾಷೆ ತಪ್ಪಿದರೆ ದೇಹಕ್ಕೇ ತೊಂದರೆ, ಅದಕ್ಕೆ ಸ್ವಲ್ಪ ವಿವರ.

ನುಂಗುವ ಅಥವಾ ಕುಡಿಯುವ ಔಷಧಿಗೆಲ್ಲ 'ಟೇಕ್'. ಮಾತ್ರೆಯನ್ನು 'ಈಟ್' ಮಾಡುವುದಿಲ್ಲ, ಸಿರಪ್ಪನ್ನು 'ಡ್ರಿಂಕ್' ಮಾಡುವುದಿಲ್ಲ. ಹೊರಗಿನಿಂದ ಹಚ್ಚುವ ಮುಲಾಮಿಗೆ 'ಅಪ್ಲೈ', ಕಣ್ಣಿನ ಹನಿಗೆ 'ಯೂಸ್' ಅಥವಾ 'ಪುಟ್ ಇನ್', ಇಂಜೆಕ್ಷನ್ನಿಗೆ 'ಗೆಟ್' ಅಥವಾ 'ಹ್ಯಾವ್', ಚಿಕಿತ್ಸೆಗೆ 'ಗೆಟ್' ಅಥವಾ 'ರಿಸೀವ್'. ಮುಲಾಮಿಗೆ 'ಟೇಕ್' ಎಂದು ಹೇಳಿದರೆ ಕೇಳಿದವರು ಬಾಯಿಗೆ ಹಾಕಿಕೊಳ್ಳಬೇಕು ಎಂದುಕೊಳ್ಳಬಹುದು.

ಚೀಟಿಯ ಮೇಲಿನ ಮಾತುಗಳನ್ನು ಹೀಗೆ ಓದಿ. 'ಟೇಕ್ ವಿತ್ ಫುಡ್' ಎಂದರೆ ಊಟದ ಜೊತೆಗೆ ಅಥವಾ ಊಟವಾದ ಕೂಡಲೇ. 'ಆನ್ ಆ್ಯನ್ ಎಂಪ್ಟಿ ಸ್ಟಮಕ್' ಎಂದರೆ ಸಾಮಾನ್ಯವಾಗಿ ಊಟಕ್ಕೆ 1 ಗಂಟೆ ಮುಂಚೆ ಅಥವಾ ಊಟವಾಗಿ 2 ಗಂಟೆ ಕಳೆದ ಮೇಲೆ; ಬೆಳಗಿನ ಖಾಲಿ ಹೊಟ್ಟೆ ಮಾತ್ರ ಎಂದಲ್ಲ. 'ಎವ್ರಿ ಸಿಕ್ಸ್ ಅವರ್ಸ್' ಎಂದರೆ 24 ಗಂಟೆಯಲ್ಲಿ 4 ಸಲ. ಅನುಮಾನವಿದ್ದರೆ ಔಷಧಿ ಕೊಟ್ಟವರನ್ನೇ ಕೇಳಿ.

ವೈದ್ಯರಿಗೆ ಹೇಳುವಾಗ ಕಾಯಿಲೆಯ ಮುಂಚೆ 'ಫಾರ್' ಬರಬೇಕು: 'ಐ ಆ್ಯಮ್ ಟೇಕಿಂಗ್ ದಿಸ್ ಫಾರ್ ಹೈ ಬ್ಲಡ್ ಪ್ರೆಷರ್'. ಬರೀ 'ಐ ಹ್ಯಾವ್ ಬಿ.ಪಿ.' ಎಂದರೆ ವಿದೇಶದ ಕ್ಲಿನಿಕ್ಕಿನಲ್ಲಿ ಅರ್ಥವಾಗದೇ ಹೋಗಬಹುದು, ರಕ್ತದೊತ್ತಡ ಎಲ್ಲರಿಗೂ ಇದ್ದೇ ಇರುತ್ತದೆ. ಇನ್ನು ನರ್ಸ್ ನಿಮ್ಮ ಟೆಂಪರೇಚರ್, ಪಲ್ಸ್, ಬ್ಲಡ್ ಪ್ರೆಷರ್ ಮೂರನ್ನೂ 'ಟೇಕ್' ಮಾಡುತ್ತಾರೆ. 'ಚೆಕ್' ಎಂದರೂ ಸರಿಯೇ.

'ಟೇಕ್ ಎ ಬ್ರೇಕ್'ನಲ್ಲಿ 'ಎ' ಇದೆ, 'ಟೇಕ್ ಕೇರ್'ನಲ್ಲಿ ಇಲ್ಲ. ಯಾವ ನಿಯಮ?

ಎಣಿಸಬಹುದಾದ ಒಂದು ಸಲದ ಕೆಲಸವಾದರೆ 'ಎ' ಬರುತ್ತದೆ: ಬ್ರೇಕ್, ಲುಕ್, ವಾಕ್, ನ್ಯಾಪ್, ಸಿಪ್, ರಿಸ್ಕ್, ಚಾನ್ಸ್, ಫೋಟೊ, ಡೀಪ್ ಬ್ರೆತ್. ಎಣಿಕೆಗೆ ಸಿಗದ ಭಾವ, ಸ್ಥಿತಿಗಳಿಗೆ ಬರುವುದಿಲ್ಲ: ಕೇರ್, ಪ್ರೈಡ್, ರಿವೆಂಜ್, ಆ್ಯಕ್ಷನ್, ಕಂಟ್ರೋಲ್. 'ಟೇಕ್ ಪಾರ್ಟ್', 'ಟೇಕ್ ಪ್ಲೇಸ್', 'ಟೇಕ್ ಶೇಪ್', 'ಟೇಕ್ ಎಫೆಕ್ಟ್' ಇವು ಗಟ್ಟಿಯಾಗಿ ಅಂಟಿಕೊಂಡ ಜೋಡಿಗಳು, ನಡುವೆ ಏನನ್ನೂ ಬಿಟ್ಟುಕೊಳ್ಳುವುದಿಲ್ಲ. ಸ್ಟೆಪ್ಸ್, ಮೆಷರ್ಸ್, ನೋಟ್ಸ್, ಟರ್ನ್ಸ್, ಸೈಡ್ಸ್ ಸಾಮಾನ್ಯವಾಗಿ ಬಹುವಚನದಲ್ಲೇ.

'ನೋಟ್' ಒಂದೇ ಪದ ಮೂರು ವೇಷದಲ್ಲಿ ಬರುವುದನ್ನು ನೋಡಿ. 'ಟೇಕ್ ನೋಟ್ಸ್' ಎಂದರೆ ಪಾಠ ಕೇಳುತ್ತ ಬರೆದುಕೊಳ್ಳುವುದು. 'ಟೇಕ್ ನೋಟ್ ಆಫ್' ಎಂದರೆ ಗಮನಕ್ಕೆ ತಂದುಕೊಳ್ಳುವುದು, ಪೆನ್ನು ಬೇಕಾಗಿಲ್ಲ. 'ಟೇಕ್ ಎ ನೋಟ್ ಆಫ್ ಹಿಸ್ ನಂಬರ್' ಎಂದರೆ ಆ ಒಂದು ನಂಬರನ್ನು ಬರೆದಿಟ್ಟುಕೊಳ್ಳುವುದು. ಕನ್ನಡದಲ್ಲಿ 'ಎ' ಥರದ್ದು ಇಲ್ಲದಿರುವುದರಿಂದ ಇದು ತರ್ಕಕ್ಕಿಂತ ಕಿವಿಗೆ ಒಗ್ಗಬೇಕಾದ ವಿಷಯ. ಜೋಡಿಯನ್ನು 'ಎ' ಸಮೇತ ಬಾಯಿಪಾಠ ಮಾಡುವುದೇ ಉಪಾಯ.

ಹಿಂದೆ ಬರುವ 'ಇನ್', 'ಆಫ್', 'ಆನ್' ಹೇಗೆ ನೆನಪಿಡುವುದು?

ಕೆಲವು ಕಡೆ ಕನ್ನಡದ ವಿಭಕ್ತಿಯೇ ದಾರಿ ತೋರಿಸುತ್ತದೆ. ಸ್ಪರ್ಧೆ'ಯಲ್ಲಿ' ಭಾಗವಹಿಸು, 'ಟೇಕ್ ಪಾರ್ಟ್ ಇನ್'. ಅವನ 'ಮೇಲೆ' ಸೇಡು, 'ಟೇಕ್ ರಿವೆಂಜ್ ಆನ್'. ಅವರ 'ಮೇಲೆ' ಕನಿಕರ, 'ಟೇಕ್ ಪಿಟಿ ಆನ್'. ಸಂಗೀತ'ದಲ್ಲಿ' ಆಸಕ್ತಿ, 'ಟೇಕ್ ಆ್ಯನ್ ಇಂಟರೆಸ್ಟ್ ಇನ್'.

ಕೆಲವು ಕಡೆ ಅದೇ ವಿಭಕ್ತಿ ದಾರಿ ತಪ್ಪಿಸುತ್ತದೆ. 'ಅಧಿಕಾರಿಯ ಮೇಲೆ ಕ್ರಮ ತಗೊಂಡ್ರು' ಎಂಬಲ್ಲಿ 'ಆನ್' ಹಾಕಬಾರದು, ವ್ಯಕ್ತಿಯಾದರೆ 'ಟೇಕ್ ಆ್ಯಕ್ಷನ್ ಅಗೇನ್‌ಸ್ಟ್'. 'ಟೇಕ್ ಆ್ಯಕ್ಷನ್ ಆನ್' ಬರುವುದು ವಿಷಯದ ಬಗ್ಗೆ: ಮಾಲಿನ್ಯ, ಗುಂಡಿ ಬಿದ್ದ ರಸ್ತೆ, ಬಾಕಿ ಅರ್ಜಿ. 'ಅಜ್ಜಿಯ ಬಗ್ಗೆ ಕಾಳಜಿ ತಗೋ' ಎಂಬುದನ್ನು 'ಟೇಕ್ ಕೇರ್ ಅಬೌಟ್' ಮಾಡುವವರು ಬಹಳ. 'ಟೇಕ್ ಕೇರ್ ಆಫ್' ಸರಿ. 'ಅಬೌಟ್' ಬೇಕಿದ್ದರೆ 'ಟೇಕ್' ಬಿಡಬೇಕು: 'ಐ ಕೇರ್ ಅಬೌಟ್ ಹರ್'. ಮೊದಲನೆಯದು ಔಷಧಿ ಕೊಟ್ಟು, ಊಟ ಮಾಡಿಸಿ ನೋಡಿಕೊಳ್ಳುವುದು, ಎರಡನೆಯದು ಮನಸ್ಸಿನಲ್ಲಿರುವ ಅಕ್ಕರೆ.

ಜವಾಬ್ದಾರಿಗೆ 'ಫಾರ್', ಮನಸ್ಸಿಗೆ ನೋವು ಮಾಡಿಕೊಳ್ಳುವ 'ಟೇಕ್ ಅಫೆನ್ಸ್'ಗೆ 'ಅಟ್', ಆಕ್ಷೇಪಿಸುವ 'ಟೇಕ್ ಎಕ್ಸೆಪ್ಷನ್'ಗೆ 'ಟು'. 'ಟೇಕ್ ಅಡ್ವಾಂಟೇಜ್ ಆಫ್' ಎರಡು ಮುಖದ್ದು. ಆಫರ್, ಸೌಲಭ್ಯ, ಒಳ್ಳೆಯ ಹವೆ ಇವುಗಳ ಜೊತೆ ಬಂದರೆ ಸದುಪಯೋಗ. ಮನುಷ್ಯರ ಜೊತೆ ಬಂದರೆ ಅವರ ಒಳ್ಳೆಯತನವನ್ನು ದುರುಪಯೋಗ ಮಾಡಿಕೊಂಡ ಹಾಗೆ. ಹಿರಿಯ ಸಹೋದ್ಯೋಗಿಗೆ ಧನ್ಯವಾದ ಹೇಳುವ ಮೇಲ್‌ನಲ್ಲಿ 'ಐ ಟುಕ್ ಅಡ್ವಾಂಟೇಜ್ ಆಫ್ ಯು' ಎಂದು ಯಾರೂ ಬರೆಯದಿರಲಿ.

'ತುಂಬಾ', 'ಜಾಸ್ತಿ' ಸೇರಿಸಬೇಕಾದರೆ?

ವಿಶೇಷಣಕ್ಕೂ ಅದರದೇ ಗೆಳೆತನ ಇದೆ. 'ಗ್ರೇಟ್ ಕೇರ್', 'ಬಿಗ್ ಕೇರ್' ಅಲ್ಲ. 'ಫುಲ್ ರೆಸ್ಪಾನ್ಸಿಬಿಲಿಟಿ', 'ಇಮಿಡಿಯೆಟ್ ಆ್ಯಕ್ಷನ್', 'ಕ್ಲೋಸ್ ಲುಕ್', 'ಕ್ವಿಕ್ ಲುಕ್', 'ಕ್ಯಾಲ್ಕುಲೇಟೆಡ್ ರಿಸ್ಕ್'. ಬೆಂಗಳೂರಿನ ಬಾಯಿಮಾತಿನ 'ಹೆವಿ ರಿಸ್ಕ್' ಬರವಣಿಗೆಯಲ್ಲಿ 'ಬಿಗ್ ರಿಸ್ಕ್' ಆಗಬೇಕು. ವಿಶೇಷಣ ಬಂದಾಗ ಕೆಲವು ಜೋಡಿಗಳಿಗೆ 'ಎ' ಕೂಡ ಹತ್ತಿಕೊಳ್ಳುತ್ತದೆ: 'ಟೇಕ್ ಪಾರ್ಟ್ ಇನ್', ಆದರೆ 'ಟೇಕ್ ಆ್ಯನ್ ಆ್ಯಕ್ಟಿವ್ ಪಾರ್ಟ್ ಇನ್'.

'ದಿ ಮೀಟಿಂಗ್ ವಾಸ್ ಟೇಕನ್ ಪ್ಲೇಸ್' ಸರಿಯಾ?

ತಪ್ಪು. 'ಟೇಕ್ ಪ್ಲೇಸ್' ಎಂದರೆ 'ನಡೆ', 'ನಡೆಸು' ಅಲ್ಲ. 'ದಿ ಮೀಟಿಂಗ್ ಟುಕ್ ಪ್ಲೇಸ್' ಅಥವಾ 'ವಾಸ್ ಹೆಲ್ಡ್'. ಸಭೆ, ಮದುವೆ, ಪಂದ್ಯದಂಥ ಗೊತ್ತುಮಾಡಿದ ಕಾರ್ಯಕ್ರಮಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಅಪಘಾತಕ್ಕೆ 'ಹ್ಯಾಪನ್ಡ್' ಅಥವಾ 'ಅಕರ್ಡ್' ಮೇಲು.

'ಎಷ್ಟು ಹೊತ್ತು ಹಿಡಿಯುತ್ತೆ?' ಎಂದು ಕೇಳುವಾಗ ಪ್ರತಿ ಸಲ ತಡವರಿಸುತ್ತೇನೆ.

'ಹೌ ಲಾಂಗ್ ಡಸ್ ಇಟ್ ಟೇಕ್?' ಇದನ್ನು ಇಡಿಯಾಗಿ ಕಲಿತುಬಿಡಿ. ತಪ್ಪು ಆಗುವುದು ಎರಡು ಕಡೆ. ಒಂದು, 'ಹೌ ಮಚ್ ಟೈಮ್ ಇಟ್ ವಿಲ್ ಟೇಕ್?' ಎಂದು ಕ್ರಮ ತಿರುಗಿಸದೆ ಬಿಡುವುದು; 'ವಿಲ್' ಮುಂದೆ ಬರಬೇಕು, 'ವಿಲ್ ಇಟ್ ಟೇಕ್'. ಎರಡು, ಉತ್ತರದಲ್ಲಿ 'ಟು ಅವರ್ಸ್ ಟೈಮ್' ಎಂದು 'ಟೈಮ್' ಹೆಚ್ಚುವರಿಯಾಗಿ ಸೇರಿಸುವುದು. 'ಇಟ್ ಟೇಕ್ಸ್ ಟು ಅವರ್ಸ್' ಇಷ್ಟೇ.

ಯಾರಿಗೆ ಹಿಡಿಯಿತು ಎಂದು ಹೇಳಬೇಕಾದರೆ ಆ ವ್ಯಕ್ತಿ 'ಟೇಕ್' ಆದ ಮೇಲೆ, ಸಮಯದ ಮುಂಚೆ: 'ಇಟ್ ಟುಕ್ ಮಿ ತ್ರೀ ಡೇಸ್ ಟು ಫಿನಿಶ್ ದಿ ರಿಪೋರ್ಟ್'. ಕನ್ನಡದ 'ನನಗೆ' ಇಲ್ಲಿ 'ಟು ಮಿ' ಆಗದೆ ಬರೀ 'ಮಿ' ಆಗುತ್ತದೆ. 'ಟೇಕ್ ಯುವರ್ ಟೈಮ್' ಎಂದರೆ ಅವಸರವಿಲ್ಲ, ನಿಧಾನವಾಗಿ ಮಾಡಿ ಎಂದು. ಅದನ್ನು ನಾಳೆಯೇ ಬೇಕಾದ ಕೆಲಸದ ಮೇಲ್‌ನಲ್ಲಿ ವಿನಯಕ್ಕೆಂದು ಬರೆದರೆ, ಕೆಲಸ ಮುಂದಿನ ವಾರಕ್ಕೆ ಹೋಗುತ್ತದೆ.

'ಟೇಕ್' ಮತ್ತು 'ಬ್ರಿಂಗ್' ಅದಲುಬದಲಾಗುತ್ತವೆ.

ಕನ್ನಡದ ಹಳೆಯ ಜೋಡಿ ನೆನೆಸಿಕೊಳ್ಳಿ: ತರು, ಒಯ್ಯು. ಮಾತಾಡುವವರು ಅಥವಾ ಕೇಳುವವರು ಇರುವ ಕಡೆಗೆ ಬಂದರೆ 'ಬ್ರಿಂಗ್', ಬೇರೆ ಕಡೆಗೆ ಹೋದರೆ 'ಟೇಕ್'. ಉತ್ತರ ಕರ್ನಾಟಕದಲ್ಲಿ 'ಒಯ್ಯಿ' ಇನ್ನೂ ದಿನಬಳಕೆಯ ಮಾತಾದ್ದರಿಂದ ಅಲ್ಲಿಯವರಿಗೆ ಇದು ಸುಲಭ. ಉಳಿದವರು 'ತಗೊಂಡು ಬಾ', 'ತಗೊಂಡು ಹೋಗು' ಎಂಬುದರ ಕೊನೆಯ ಪದ ನೋಡಿದರೆ ಸಾಕು.

ವಸ್ತುವಿಗೂ ಮನುಷ್ಯರಿಗೂ ಇಂಗ್ಲಿಷ್ ಒಂದೇ ಪದ ಬಳಸುತ್ತದೆ. ನಾವು 'ಕರ್ಕೊಂಡು ಹೋಗು' ಎನ್ನುವಲ್ಲೂ 'ಟೇಕ್': 'ಟೇಕ್ ಅಜ್ಜಿ ಟು ದಿ ಡಾಕ್ಟರ್'. ಹೋಟೆಲಿನಲ್ಲಿ ಕಟ್ಟಿಸಿಕೊಳ್ಳುವ 'ಪಾರ್ಸೆಲ್' ಬ್ರಿಟನ್ನಿನಲ್ಲಿ ಅಂಚೆಯ ಕಟ್ಟು. ಅಲ್ಲಿ 'ಟೇಕ್‌ಅವೇ' ಎನ್ನಬೇಕು, ಅಮೆರಿಕದಲ್ಲಿ 'ಟು ಗೋ'.

ಫೋಟೊ 'ತೆಗಿ' ಎಂಬುದಕ್ಕೆ 'ರಿಮೂವ್' ಅಂದುಬಿಟ್ಟರೆ?

ಅಳಿಸಿಹಾಕು ಎಂದಾಗುತ್ತದೆ. 'ಟೇಕ್ ಎ ಫೋಟೊ ಆಫ್ ಅಸ್' ಎನ್ನಿ. ನಮ್ಮ 'ತೆಗೆ' ತುಂಬ ಕೆಲಸ ಮಾಡುತ್ತದೆ, ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಪದ: ಬಾಗಿಲು 'ಓಪನ್', ಚಪ್ಪಲಿ 'ಟೇಕ್ ಆಫ್', ಎ.ಟಿ.ಎಂ.ನಿಂದ ದುಡ್ಡು 'ವಿತ್‌ಡ್ರಾ', ಜಗಳ 'ಪಿಕ್', ಸಾಲ ಮತ್ತು ವಿಮೆ 'ಟೇಕ್ ಔಟ್'. ಸಾಲದ ಜೊತೆ ಆ 'ಔಟ್' ಇರಲಿ, 'ಟೇಕ್ ಔಟ್ ಎ ಲೋನ್'.

'ಟೇಕ್ ಆಫ್ ಇಟ್' ಎಂದರೆ ಯಾಕೆ ತಿದ್ದುತ್ತಾರೆ?

'ಟೇಕ್ ಆಫ್ ಯುವರ್ ಶೂಸ್', 'ಟೇಕ್ ಯುವರ್ ಶೂಸ್ ಆಫ್' ಎರಡೂ ಸರಿ. ಆದರೆ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: 'ಟೇಕ್ ದೆಮ್ ಆಫ್'. 'ಟೇಕ್ ಓವರ್', 'ಟೇಕ್ ಅಪ್', 'ಟೇಕ್ ಡೌನ್', 'ಟೇಕ್ ಬ್ಯಾಕ್' ಎಲ್ಲಕ್ಕೂ ಇದೇ ಕ್ರಮ. 'ಟೇಕ್ ಆಫ್ಟರ್' ಮಾತ್ರ ಒಡೆಯುವುದಿಲ್ಲ. ಮಗು ಅಜ್ಜನನ್ನು ಹೋಲುತ್ತದೆ ಎನ್ನಲು 'ಶಿ ಟೇಕ್ಸ್ ಆಫ್ಟರ್ ಹಿಮ್'. ವಿಮಾನ ಮೇಲೇರುವ 'ಟೇಕ್ ಆಫ್'ಗೆ ಕರ್ಮಪದವೇ ಬೇಡ.

ಆಫೀಸಿನಲ್ಲಿ ಎಲ್ಲರೂ 'ಟೇಕ್ ಎ ಪ್ರಿಂಟೌಟ್', 'ಟೇಕ್ ಜೆರಾಕ್ಸ್' ಎನ್ನುತ್ತಾರೆ. ತಿದ್ದಬೇಕಾ?

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನಮ್ಮನಮ್ಮಲ್ಲೇ ಮಾತಾಡುವಾಗ ಬೇಕಿಲ್ಲ. ಅದು ಭಾರತೀಯ ಇಂಗ್ಲಿಷಿನ ಒಪ್ಪಿತ ರೂಢಿ, ಯಾರಿಗೂ ಅರ್ಥಕ್ಕೆ ತೊಡಕಿಲ್ಲ. ಹೊರದೇಶದವರಿಗೆ ಬರೆಯುವಾಗ 'ಪ್ರಿಂಟ್ ಇಟ್ ಔಟ್', 'ಮೇಕ್ ಎ ಫೋಟೊಕಾಪಿ' ಎನ್ನಿ. ತಿದ್ದುವ ಶ್ರಮವನ್ನು ಅರ್ಥವೇ ಬದಲಾಗುವ ಜಾಗಗಳಿಗೆ ಮೀಸಲಿಡಿ: ಕ್ಲಾಸ್, ಎಕ್ಸಾಂ, ಮನೆ, ಕಾರು, ಔಷಧಿ, 'ಅಡ್ವಾಂಟೇಜ್ ಆಫ್'.

ಒಂದು ಜೋಡಿ ಸರಿಯೋ ತಪ್ಪೋ ನಾನೇ ಪರೀಕ್ಷಿಸುವುದು ಹೇಗೆ?

ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟಿನಲ್ಲಿ 'ಟೇಕ್' ಅಲ್ಲ, ಅದರ ಜೊತೆಗಿರುವ ನಾಮಪದವನ್ನು ಹುಡುಕಿ. 'ಟೇಕ್' ನಮೂದು ಪುಟಗಟ್ಟಲೆ ಇರುತ್ತದೆ, ಕಳೆದುಹೋಗುತ್ತೀರಿ. 'ಅಪಾಯಿಂಟ್‌ಮೆಂಟ್' ನಮೂದಿನ ಉದಾಹರಣೆ ವಾಕ್ಯಗಳಲ್ಲಿ 'ಮೇಕ್', 'ಹ್ಯಾವ್' ಕೂಡಲೇ ಕಣ್ಣಿಗೆ ಬೀಳುತ್ತವೆ.

ಎರಡು ಜೋಡಿಗಳಲ್ಲಿ ಯಾವುದು ಹೆಚ್ಚು ಎಂದು ತಿಳಿಯಲು, ಪುಸ್ತಕಗಳಲ್ಲಿ ಒಂದು ಪದ ಎಷ್ಟು ಬಳಕೆಯಾಗಿದೆ ಎಂದು ಗೆರೆ ಎಳೆದು ತೋರಿಸುವ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ ಎಂಬ ವೆಬ್ ಪುಟ ಉಚಿತವಾಗಿ ಸಿಗುತ್ತದೆ. 'ಮೇಕ್ ಎ ಡಿಸಿಷನ್', 'ಟೇಕ್ ಎ ಡಿಸಿಷನ್' ಎರಡನ್ನೂ ನಡುವೆ ಅಲ್ಪವಿರಾಮ ಹಾಕಿ ಕೊಡಿ, ಮೊದಲು ಅಮೆರಿಕನ್, ಆಮೇಲೆ ಬ್ರಿಟಿಷ್ ಇಂಗ್ಲಿಷ್ ಆರಿಸಿ ಎರಡು ಗೆರೆಗಳ ಅಂತರ ನೋಡಿ. 'ಟೇಕ್ ಎ' ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಹೆಚ್ಚು ಬಳಕೆಯ 10 ಪದಗಳು ಬರುತ್ತವೆ. ಇದು ಪುಸ್ತಕಗಳ ಲೆಕ್ಕ, ಬಾಯಿಮಾತಿನದಲ್ಲ. ಸಾಮಾನ್ಯ ವೆಬ್ ಹುಡುಕಾಟದಲ್ಲಿ ತೋರಿಸುವ ಫಲಿತಾಂಶಗಳ ಸಂಖ್ಯೆಯನ್ನು ನಂಬಬೇಡಿ. 'ಟೇಕ್ ಅಡ್ಮಿಷನ್' ಹುಡುಕಿದರೆ ರಾಶಿ ಪುಟಗಳು ಬರುತ್ತವೆ, ತೆರೆದು ನೋಡಿದರೆ ಬಹುಪಾಲು ನಮ್ಮ ದೇಶದ್ದೇ.

'ಟೇಕ್' ಇಷ್ಟೊಂದು ಕಡೆ ಹೇಗೆ ಹರಡಿತು?

ಇದು ಮೂಲತಃ ಇಂಗ್ಲಿಷಿನ ಪದವಲ್ಲ. ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರ ಹಳೆಯ ನಾರ್ಸ್ ಭಾಷೆಯ 'ತಾಕ'ದಿಂದ ಬಂದದ್ದು. ಹಳೆಯ ಇಂಗ್ಲಿಷಿನ 'ನಿಮನ್' ಎಂಬ ಪದವನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ ಅದರ ಜಾಗ ಹಿಡಿಯಿತು. 'ನಿಮನ್'ನ ಕುರುಹು ಈಗ ಮರಗಟ್ಟಿದ ಎಂಬರ್ಥದ 'ನಂಬ್' ಪದದಲ್ಲಿ ಉಳಿದಿದೆ.

ಇಷ್ಟನ್ನೆಲ್ಲ ನೆನಪಿಡಲು ಯಾವ ಕ್ರಮ ಒಳ್ಳೆಯದು?

ಪಟ್ಟಿ ಉರು ಹೊಡೆಯುವುದು ಕೆಲಸಕ್ಕೆ ಬರುವುದಿಲ್ಲ, ಒಂದೇ ದಿನ ಕಲಿತ ಮೂವತ್ತು ಜೋಡಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ದಿನಕ್ಕೆ 3 ಸಾಕು, ಅದೂ ಮೂರು ಬೇರೆ ವಿಷಯಗಳಿಂದ: ಒಂದು ಆಫೀಸಿನದು, ಒಂದು ಮನೆಯದು, ಒಂದು ಪ್ರಯಾಣದ್ದು.

ನೋಟ್‌ಬುಕ್ಕಿನ ಎಡಗಡೆ ನಾಮಪದ, ಬಲಗಡೆ ಇಡೀ ಜೋಡಿಯನ್ನು 'ಎ' ಮತ್ತು ಹಿಂದೆ ಬರುವ ಪುಟ್ಟ ಪದದ ಸಮೇತ ಬರೆಯಿರಿ. ಎಡಕ್ಕೆ 'ಇಂಟರೆಸ್ಟ್', ಬಲಕ್ಕೆ 'ಟೇಕ್ ಆ್ಯನ್ ಇಂಟರೆಸ್ಟ್ ಇನ್'. ಕೆಳಗೆ ನಿಮ್ಮ ಜೀವನಕ್ಕೆ ನಿಜವಾದ ಒಂದು ವಾಕ್ಯ, ಭೂತಕಾಲದಲ್ಲಿ. ಭೂತಕಾಲವೇ ಯಾಕೆಂದರೆ 'ಟುಕ್', 'ಟೇಕನ್' ಎರಡೂ ಆಗ ಜೊತೆಗೇ ಪಳಗುತ್ತವೆ, ಮಕ್ಕಳ ಬಾಯಲ್ಲಿ ಬರುವ 'ಟೇಕ್ಡ್' ತಾನಾಗಿ ನಿಲ್ಲುತ್ತದೆ. ಮಾರನೆಯ ದಿನ ಬಲಗಡೆಯನ್ನು ಕೈಯಿಂದ ಮುಚ್ಚಿ ನಾಮಪದ ಮಾತ್ರ ನೋಡಿ ಜೋಡಿಯನ್ನು ಗಟ್ಟಿಯಾಗಿ ಹೇಳಿ, ಒಂದು ವಾರ ಬಿಟ್ಟು ಮತ್ತೆ ಹೇಳಿ. ತಪ್ಪಿದ್ದನ್ನು ಮಾತ್ರ ಹೊಸ ಪುಟಕ್ಕೆ ಎತ್ತಿ ಬರೆಯಿರಿ.